ಹದಿನಾಲ್ಕರಲ್ಲಿ ನಿಲ್ಲದ ಮುಳ್ಳು

ಈ ಸಲವೂ ಬೈಕಿನ ಬ್ಯಾಟರಿ ಕುದಿದಿತ್ತು. ಮುಚ್ಚಳ ಬಿಚ್ಚಿದ ಕೂಡಲೇ ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ಹೊಡೆಯಿತು. ಅವನು ಬಾಯಿ ತೆರೆಯುವ ಮೊದಲೇ, ಅಂಗಳದ ಆ ತುದಿಯಲ್ಲಿ ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅಣ್ಣ "ವೈರಿಂಗು" ಎಂದ. ಬೇರೆಯವರು ಕೆಮ್ಮುವ ಹಾಗೆ, ಆಕಳಿಸುವ ಹಾಗೆ ಅಣ್ಣ ಆ ಮಾತು ಆಡುತ್ತಿದ್ದ. ಇಪ್ಪತ್ತು ವರ್ಷದಿಂದ ಈ ಬೈಕಿಗೆ ಏನಾದರೂ, ಚಕ್ರಕ್ಕೆ ಮೊಳೆ ಚುಚ್ಚಿದರೂ, ಕಾರಣ ಒಂದೇ. ವೈರಿಂಗ್ ಮಾಡಿದವನು ತಮ್ಮ. ವಾರವೆಲ್ಲ ಅವನು ಲಿಫ್ಟ್ ರಿಪೇರಿ ಮಾಡುತ್ತಾನೆ. ಎತ್ತರದ ಕಟ್ಟಡಗಳಲ್ಲಿ ಗುರುತಿಲ್ಲದ ಜನ ಅವನು ಬಿಗಿದ ತಂತಿಯನ್ನು ನಂಬಿ ಮಕ್ಕಳನ್ನು ಎತ್ತಿಕೊಂಡು ಮೇಲೆ ಹೋಗುತ್ತಾರೆ. ಅಲ್ಲಿನ ಕಾವಲುಗಾರರು ಅವನನ್ನು ಕಂಡರೆ ಬೀಡಿ ಆರಿಸಿ ಎದ್ದು ನಿಲ್ಲುತ್ತಾರೆ. ಈ ಗೇಟು ದಾಟಿ ಒಳಗೆ ಕಾಲಿಟ್ಟರೆ ಮಾತ್ರ ಅವನು ಫ್ಯೂಸು. ಬೈಕನ್ನು ಮೊದಲ ಸಲ ಚಾಲೂ ಮಾಡಿದ ದಿನ ಹೆಡ್‌ಲೈಟಿನ ಬಲ್ಬು ಕಣ್ಣು ಕುಕ್ಕುವಂತೆ ಹೊತ್ತಿ ಟಪ್ಪೆಂದು ಹೋಗಿತ್ತು. ನೋಡಲು ನಿಂತಿದ್ದವರ ಎದುರಿಗೇ ಅಣ್ಣ "ಫ್ಯೂಸು" ಎಂದು ಅವನ ತಲೆಗೆ ಮೊಟಕಿದ. ಬೀದಿ ಆ ಹೆಸರನ್ನು ಹಿಡಿದುಕೊಂಡಿತು. ಕೂದಲು ಉದುರಲು ಶುರುವಾದ ಮೇಲೂ ಬಿಟ್ಟಿರಲಿಲ್ಲ.

ಸಂಜೆ ಗುಜರಿಯವನು ಬರುವವನಿದ್ದ. ಹೇಳಿ ಕಳಿಸಿದವಳು ಅತ್ತಿಗೆ. ಹಿಂದಿನ ವಾರ ಅಣ್ಣ ಮುಸ್ಸಂಜೆಯಲ್ಲಿ ಬೈಕನ್ನು ತಳ್ಳಿಕೊಂಡು ಮನೆಗೆ ಬಂದಿದ್ದ. ಒಂದು ಕನ್ನಡಿ ಇರಲಿಲ್ಲ, ಪ್ಯಾಂಟಿನ ಮೊಣಕಾಲು ಹರಿದಿತ್ತು, ಮೊಣಕೈಯಿಂದ ಬೆರಳಿನವರೆಗೆ ರಕ್ತ ಒಣಗಿತ್ತು. ಲೈಟು ಜಗ್ಗನೆ ಬಂತು, ಆಮೇಲೆ ಮಂಕಾಯಿತು, ರಸ್ತೆಯ ಉಬ್ಬು ಕಾಣಲಿಲ್ಲ ಎಂದು ಅಣ್ಣ ಹೇಳಿದನಂತೆ. ಅದಕ್ಕೂ ಹಿಂದೆ ಹಾಲಿನವನ ಸೈಕಲ್ಲಿಗೆ ತಾಗಿಸಿದ್ದು ಹಾರನ್ ಬಾರದೆ ಹೋದದ್ದರಿಂದ. ಅದಕ್ಕೂ ಹಿಂದೆ ತರಕಾರಿ ಅಂಗಡಿಯ ಮುಂದೆ ನಿಂತಲ್ಲೇ ವಾಲಿ ಬಿದ್ದದ್ದು ಇಂಡಿಕೇಟರ್ ನೋಡಲು ಬಗ್ಗಿದ್ದರಿಂದ. ಅತ್ತಿಗೆ ಗಾಯ ತೊಳೆದು ಪಟ್ಟಿ ಕಟ್ಟಿದಳು, ಮಾರನೆಯ ದಿನ ಗುಜರಿಯವನನ್ನು ಕರೆಸಿ ಬೈಕು ತೋರಿಸಿದಳು. ದೊಡ್ಡ ಜಗಳವೇ ಆಯಿತು. ಕೊನೆಗೆ ಅಣ್ಣ ಒಂದು ಮಾತಿಗೆ ಒಪ್ಪಿದ್ದ. ಫ್ಯೂಸು ಬಂದು ಒಂದು ಸಲ ನೋಡಲಿ. ಅವನು ಸರಿ ಮಾಡಿದರೆ ಬೈಕು ಇರುತ್ತದೆ, ನಾನು ಓಡಿಸುತ್ತೇನೆ, ಯಾರೂ ತಕರಾರು ಮಾಡಬಾರದು. ಅವನು ಆಗಲ್ಲ ಅಂದರೆ ಹೊತ್ತುಕೊಂಡು ಹೋಗಲಿ.

ಹಾಗಾಗಿ ರಜೆಯ ದಿನ ಬೆಳಿಗ್ಗೆಯೇ ಅವನು ಉಪಕರಣಗಳ ಚೀಲ ಹಿಡಿದು ಇಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಕಂಪನಿಯವರು ಅಂಕೆ ತೋರಿಸುವ ಹೊಸ ಮೀಟರು ಕೊಟ್ಟಿದ್ದರೂ ಅವನು ಹಳೆಯ ಮುಳ್ಳಿನ ಮೀಟರನ್ನೇ ತಂದಿದ್ದ. ಅಂಕೆ ಹಾರುತ್ತದೆ, ಮುಳ್ಳು ನಡೆಯುತ್ತದೆ. ಕಾಯಿಲೆ ಗೊತ್ತಾಗುವುದು ನಡಿಗೆಯಲ್ಲಿ. ಬ್ಯಾಟರಿಗೆ ನೀರು ತುಂಬಿ, ಎರಡು ತುದಿಗೂ ಮೀಟರಿನ ಕ್ಲಿಪ್ಪು ಕಚ್ಚಿಸಿ, ಕಿಕ್ ಹೊಡೆದು ಆಕ್ಸಿಲರೇಟರ್ ತಿರುಗಿಸಿದ. ಹದಿನಾಲ್ಕು ವೋಲ್ಟಿನ ಹತ್ತಿರ ನಿಲ್ಲಬೇಕಾದ ಮುಳ್ಳು ಹದಿನಾರನ್ನು ದಾಟಿತು, ಧಡಕ್ಕನೆ ಹನ್ನೆರಡೂವರೆಗೆ ಬಿತ್ತು, ಮತ್ತೆ ಹತ್ತಿತು. ಕುಡಿದವನು ಮೆಟ್ಟಿಲು ಹತ್ತುವ ಹಾಗಿತ್ತು. ಹೆಡ್‌ಲೈಟು ಎದುರಿನ ಗೋಡೆಯ ಮೇಲೆ ಉಬ್ಬುತ್ತ ಕುಗ್ಗುತ್ತ ಇತ್ತು. ಆ ಬೆಳಕು ಅವನಿಗೆ ಚೆನ್ನಾಗಿ ಗೊತ್ತು. ಹಿಂದೆಲ್ಲ ಇಬ್ಬರೂ ಹೋಗುವಾಗ ಊರ ಹೊರಗಿನ ರಸ್ತೆಯಲ್ಲಿ ಅದು ಹೀಗೇ ಉಸಿರಾಡುತ್ತ ಮುಂದೆ ಹೋಗುತ್ತಿತ್ತು, ಮರಗಳು ಒಮ್ಮೆ ಬಿಳಿಯಾಗಿ ಒಮ್ಮೆ ಹಳದಿಯಾಗಿ ಬರುತ್ತಿದ್ದವು, ಅಣ್ಣ ಗಾಳಿಗೆ ಕಣ್ಣು ಕಿರಿದು ಮಾಡಿ ಏನೋ ಹಾಡುತ್ತಿದ್ದ. ಬೈಕಿಗೆ ಹುಟ್ಟಿನಿಂದ ಬಂದ ಚಾಳಿ ಅದು. ಆಗ ಅದರಿಂದ ಯಾರೂ ಬಿದ್ದಿರಲಿಲ್ಲ.

ಆಗ ಇಬ್ಬರೂ ಬೋರ್ಡು ಬರೆಯುವ ಶೆಡ್ಡಿನ ಹಿಂದಿನ ಕೋಣೆಯಲ್ಲಿದ್ದರು. ಅಣ್ಣ ಶೆಡ್ಡಿನ ಪೇಂಟರು. ಅಂಗಡಿಗಳ ಹೆಸರು, ಲಾರಿಗಳ ಹಿಂಬದಿ, ಶಾಲೆಯ ಕಾಂಪೌಂಡಿನ ಮೇಲೆ 'ಉಗುಳಬೇಡಿ'. ಒಂದು ಮದುವೆ ಛತ್ರದವನು ಕೆಲಸಕ್ಕೆ ಬದಲಾಗಿ ಕೊಟ್ಟ ಬೈಕು ಅದು, ಬೈಕು ಎನ್ನುವುದಕ್ಕಿಂತ ತುಕ್ಕು ಎನ್ನಬೇಕು. ಬಿಚ್ಚಿ ಚೂರುಚೂರು ಮಾಡಿದರು. ಉಳಿದ ಚೌಕಟ್ಟನ್ನು, ಚಾಸಿಸ್ಸನ್ನು, ಹಗ್ಗದಲ್ಲಿ ಕಟ್ಟಿ ಸೂರಿನ ತೊಲೆಗೆ ನೇತುಹಾಕಿದರು. ಅದರ ಕೆಳಗೇ ಇಬ್ಬರ ಹಾಸಿಗೆ. ಗಾಳಿಗೆ ಅದು ನಿಧಾನವಾಗಿ ತಿರುಗುತ್ತಿತ್ತು, ಬಣ್ಣಕ್ಕೆ ಬೆರೆಸುವ ಥಿನ್ನರಿನ ಅಮಲು ತಲೆಗೆ ಏರಿ ಇಬ್ಬರಿಗೂ ವಿನಾಕಾರಣ ನಗು ಬರುತ್ತಿತ್ತು. ಮೂರು ಕೈ ಕೆಂಪು ಪ್ರೈಮರು, ಅದರ ಮೇಲೆ ಮೂರು ಕೈ ಕಪ್ಪು ಎನಾಮೆಲ್ಲು, ಪ್ರತಿ ಕೈಗೂ ನೀರು ಹಾಕಿ ಉಜ್ಜುವುದು. ಯಾರ ಕಣ್ಣಿಗೂ ಬೀಳದ ಮೂಲೆಗಳಲ್ಲಿ ಅಣ್ಣ ಇನ್ನೂ ಹೆಚ್ಚು ಹೊತ್ತು ಕೂರುತ್ತಿದ್ದ. ಬೋಲ್ಟಿನ ತೂತಿನ ಒಳಗೂ ಸಣ್ಣ ಬ್ರಶ್ಶು ತೂರಿಸಿ ತಿರುವುತ್ತಿದ್ದ. ಇಲ್ಲಿ ಯಾರು ನೋಡ್ತಾರೆ ಎಂದು ಕೇಳಿದರೆ, ತುಕ್ಕು ನೋಡುತ್ತೆ ಕಣೋ ಎನ್ನುತ್ತಿದ್ದ. ಟ್ಯಾಂಕಿನ ಎರಡೂ ಬದಿಗೆ ಚಿನ್ನದ ಬಣ್ಣದ ಗೆರೆ ಎಳೆದ ಮಧ್ಯಾಹ್ನ ಶೆಡ್ಡಿನವರೆಲ್ಲ ಕೆಲಸ ಬಿಟ್ಟು ಬಂದು ನಿಂತಿದ್ದರು. ಅಳತೆಪಟ್ಟಿ ಇಲ್ಲ, ಟೇಪಿಲ್ಲ. ಅಣ್ಣ ಉಸಿರು ಬಿಗಿಹಿಡಿದು, ಕಿರುಬೆರಳನ್ನು ಟ್ಯಾಂಕಿಗೆ ಊರಿ, ಮುಂದಿನಿಂದ ಹಿಂದಕ್ಕೆ ನಡೆದೇ ಎಳೆದ. ಗೆರೆ ಕೂದಲಿನಷ್ಟು ಸಣ್ಣದಾಗಿ ಮುಗಿಯಿತು. ಯಾರೋ ಚಪ್ಪಾಳೆ ತಟ್ಟಿದರು. ತಮ್ಮನಿಗೆ ಆಗ ಎಷ್ಟು ಹೆಮ್ಮೆಯಾಯಿತೋ ಅಷ್ಟೇ ಹೊಟ್ಟೆಕಿಚ್ಚೂ ಆಯಿತು. ತಾನು ತಿಂಗಳು ಕೂತು ಹೆಣೆದ ತಂತಿಗಳೆಲ್ಲ ಆ ಟ್ಯಾಂಕಿನ ಕೆಳಗೆ ಮುಚ್ಚಿಹೋಗುತ್ತಿದ್ದವು, ಅವಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಈಗ ಅದೇ ಟ್ಯಾಂಕನ್ನು ಎತ್ತಿ ಗೋಣಿಯ ಮೇಲೆ ಇಟ್ಟ. ಗೆರೆ ಇನ್ನೂ ಇತ್ತು, ತೊಡೆ ಉಜ್ಜಿದ ಕಡೆ ಮಾತ್ರ ಸವೆದಿತ್ತು. ಅಣ್ಣ ಕುರ್ಚಿಯಿಂದಲೇ, ಮೆತ್ತಗೆ ಇಡೋ, ಅದು ಲಿಫ್ಟಲ್ಲ ಎಂದು ಎಚ್ಚರಿಸಿದ. ಅವನು ತಂತಿಗಳ ಕಟ್ಟಿಗೆ ಸುತ್ತಿದ ಟೇಪನ್ನು ಬಿಚ್ಚತೊಡಗಿದ. ಬೆರಳಿಗೆ ಹಳೆಯ ಅಂಟು ಹತ್ತಿಕೊಂಡಿತು. ತಪ್ಪು ಇಲ್ಲೇ ಇದ್ದರೆ? ಇಪ್ಪತ್ತು ವರ್ಷ ಅಣ್ಣ ಹೇಳಿದ್ದೇ ಸರಿಯಾಗಿದ್ದರೆ? ಇದಕ್ಕೆ ಮೊದಲು ಎಷ್ಟೋ ಸಲ ಬ್ಯಾಟರಿ ಬದಲಾಯಿಸಿದ್ದ, ಹೋದ ತಿಂಗಳು ರೆಗ್ಯುಲೇಟರನ್ನೂ ಬದಲಾಯಿಸಿದ್ದ, ಆದರೆ ಈ ಟೇಪನ್ನು ಒಮ್ಮೆಯೂ ಬಿಚ್ಚಿರಲಿಲ್ಲ. ಪುರುಸೊತ್ತಿಲ್ಲ ಎಂದು ಹೇಳಿಕೊಂಡಿದ್ದ. ಪುರುಸೊತ್ತಿತ್ತು.

ಕೈ ತೊಳೆಯಲು ಹಿತ್ತಲ ನಲ್ಲಿಗೆ ಹೋದಾಗ ಅತ್ತಿಗೆ ಚಹಾ ಸೋಸುತ್ತಿದ್ದಳು. ಎರಡು ಲೋಟ ತುಂಬಿಸಿದಳು, ಮೂರನೆಯದಕ್ಕೆ ಅರ್ಧ. ಅಣ್ಣನ ಲೋಟ ಅರ್ಧವಾದದ್ದು ಯಾವಾಗಿನಿಂದ ಎಂದು ಈ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಏಣಿಯ ಮೇಲೆ ನಿಂತು ಬರೆಯುವಾಗ ಒಂದು ಅಕ್ಷರದ ಕಾಲು ಸೊಟ್ಟಗಾಯಿತು, ಇನ್ನೊಂದಾಯಿತು. ಇನ್ನು ಬೋರ್ಡು ಬರೆಯುವ ಕಾಲ ಹೋಯಿತು ಎಂದು ಅಣ್ಣ ಬ್ರಶ್ಶುಗಳನ್ನು ಯಾರಿಗೋ ಕೊಟ್ಟುಬಿಟ್ಟ. ಕೈ ನಡುಗುತ್ತದೆ ಎಂಬ ಮಾತು ಈ ಮನೆಯಲ್ಲಿಲ್ಲ. ಚಳಿ ಇದೆ, ನಿದ್ದೆ ಸಾಲಲಿಲ್ಲ ಇದೆ, ಮಾತ್ರೆಯ ಉಷ್ಣ ಇದೆ. ಅತ್ತಿಗೆ ಮೈದುನನ ಲೋಟವನ್ನು ಮುಂದೆ ಸರಿಸಿ, ಅಂಗಳದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಆಗಲ್ಲ ಅಂದ್ಬಿಡಪ್ಪ. ಪಾರ್ಟ್ ಸಿಗಲ್ಲ ಅನ್ನು, ಏನಾದ್ರೂ ಅನ್ನು."

ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ನಾನಂದ್ರೆ ಜಗಳ ಆಗುತ್ತೆ. ಡಾಕ್ಟರಂದ್ರೆ ಅವ್ರಿಗೇನು ಗೊತ್ತು ಅಂತಾರೆ. ನೀನಂದ್ರೆ ನಂಬ್ತಾರೆ."

"ನನ್ನ ಮಾತು ಯಾವತ್ತು ನಂಬಿದಾನೆ ಅತ್ತಿಗೆ?"

"ನಿನ್ನ ಕೈಲಿ ಆಗಲ್ಲ ಅನ್ನೋದನ್ನ ನಂಬ್ತಾರೆ," ಎಂದಳು ಅತ್ತಿಗೆ. ಚುಚ್ಚಲು ಹೇಳಿದ್ದಲ್ಲ. ಆಮೇಲೆ ತಾನೇ ಗಾಬರಿಯಾಗಿ ಅವನ ಲೋಟಕ್ಕೆ ಇನ್ನೂ ಒಂದಿಷ್ಟು ಚಹಾ ಸುರಿದಳು, ಅದು ತುಳುಕಿ ಕಟ್ಟೆಯ ಮೇಲೆ ಹರಿಯಿತು.

ಅವಳು ಕೇಳಿದ್ದು ಸಣ್ಣ ವಿಷಯ ಎಂದು ಅವನು ಅಂಗಳಕ್ಕೆ ಬರುತ್ತ ತನಗೇ ಹೇಳಿಕೊಂಡ. ಒಂದು ಸುಳ್ಳು. ಸಂಜೆ ಗುಜರಿಯವನು ತಳ್ಳುಗಾಡಿ ತರುತ್ತಾನೆ, ಅಣ್ಣ ಒಂದು ವಾರ ಮುಖ ಊದಿಸಿಕೊಂಡಿರುತ್ತಾನೆ, ಆಮೇಲೆ ಬದುಕಿರುತ್ತಾನೆ. ಬದಲಿಗೆ ಫ್ಯೂಸು ಸಾಯುವವರೆಗೂ ಫ್ಯೂಸಾಗಿರುತ್ತಾನೆ, ಅಷ್ಟೇ ತಾನೇ. ಆದರೆ ತಂತಿಯ ಕಟ್ಟಿನ ಮುಂದೆ ಮತ್ತೆ ಕೂತಾಗ ಅವನಿಗೆ ಅಣ್ಣನ ಜೀವಕ್ಕಿಂತ ತನ್ನ ಬೆಸುಗೆಗಳ ಚಿಂತೆಯೇ ಹೆಚ್ಚಾಯಿತು. ನಾಚಿಕೆಯಾಯಿತು, ಆದರೂ ಕೈ ನಿಲ್ಲಲಿಲ್ಲ. ಟೇಪಿನ ಕೊನೆಯ ಸುತ್ತು ಬಿಚ್ಚಿಕೊಂಡಿತು. ಒಂದೊಂದೇ ಕೀಲನ್ನು ಎಳೆದು ನೋಡಿದ, ಮೀಟರು ಹಿಡಿದು ನೋಡಿದ. ಹದಿನೆಂಟರ ಹುಡುಗನಾಗಿದ್ದಾಗ ಮಾಡಿದ ಬೆಸುಗೆಗಳು ಹುರುಳಿಕಾಳಿನ ಹಾಗೆ ದುಂಡಗೆ, ಹೊಳೆಯುತ್ತ ಕೂತಿದ್ದವು. ಒಂದೂ ಸಡಿಲವಿರಲಿಲ್ಲ. ಇವತ್ತು ಮಾಡಿದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಕಾರ್ಬ್ಯುರೇಟರಿನಲ್ಲಿ ಉಳಿದಿದ್ದ ಪೆಟ್ರೋಲಿನಲ್ಲೇ ಎಂಜಿನ್ ಓಡಿಸಿ ನೋಡಿದ, ಎಂಜಿನ್ನಿನ ಕಾಯಿಲಿನಿಂದ ಬರುವ ಮೂರು ಹಳದಿ ತಂತಿಗಳಲ್ಲೂ ಸಮನಾಗಿ ಕರೆಂಟು ಇತ್ತು. ಎದ್ದು ಕೂಗಿ ಹೇಳಬೇಕು ಅನ್ನಿಸಿತು. ಹೇಳಲಿಲ್ಲ, ಏಕೆಂದರೆ ಹಾಗಾದರೆ ಎಲ್ಲಿ ಎಂದು ಅಣ್ಣ ಕೇಳುತ್ತಿದ್ದ.

ಉಳಿದದ್ದು ರೆಗ್ಯುಲೇಟರು. ಕಾಯಿಲ್ ಹುಟ್ಟಿಸುವ ಕರೆಂಟನ್ನು ಅಳತೆಗೆ ತಂದು ಬ್ಯಾಟರಿಗೆ ಕೊಡುವ, ರೆಕ್ಕೆರೆಕ್ಕೆಯಾದ ಸಣ್ಣ ಅಲ್ಯೂಮಿನಿಯಂ ಡಬ್ಬಿ. ಅದು ಹೊಸದು. ಮತ್ತೆ ಎಂಜಿನ್ ಚಾಲೂ ಮಾಡಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಡಬ್ಬಿಯ ಮೈಗೂ ಮುಟ್ಟಿಸಿದ. ಏನೂ ತೋರಿಸಬಾರದಿತ್ತು. ಮುಳ್ಳು ಎದ್ದು ನಿಂತು ಆಡಿತು. ಅವನು ಕಡ್ಡಿ ತೆಗೆದು ಮತ್ತೆ ಇಟ್ಟ. ಮತ್ತೆ ಆಡಿತು. ಆ ಡಬ್ಬಿಗೆ ಬೇರೆ ಅರ್ಥ್ ತಂತಿಯಿಲ್ಲ, ಚಾಸಿಸ್ಸೇ ಅದರ ನೆಲ. ಲೋಹಕ್ಕೆ ಲೋಹ ತಾಗಿ ಕೂತರೆ ಮಾತ್ರ ಎಷ್ಟು ಕೊಟ್ಟರೆ ಸಾಕು ಎಂದು ಅದಕ್ಕೆ ತಿಳಿಯುತ್ತದೆ, ಇಲ್ಲದಿದ್ದರೆ ಹೊಟ್ಟೆ ತುಂಬಿದವನಿಗೆ ಬಡಿಸುತ್ತಲೇ ಇರುತ್ತದೆ. ಎರಡು ಬೋಲ್ಟು ಬಿಚ್ಚಿ ಡಬ್ಬಿಯನ್ನು ಎತ್ತಿದ. ಅದರ ಕೆಳಗೆ ಕನ್ನಡಿಯಂಥ ಕಪ್ಪು ಎನಾಮೆಲ್ಲು. ಬೋಲ್ಟಿನ ತೂತಿನ ಒಳಗೂ ಕಪ್ಪು, ಕರೆಂಟು ದಾಟದ ಬಣ್ಣ. ಇಷ್ಟು ವರ್ಷ ಬೋಲ್ಟಿನ ಎಳೆ ಎಲ್ಲೋ ಒಂದಿಷ್ಟು ಗೀರಿದ್ದರಿಂದ ಡಬ್ಬಿ ಆಗೊಮ್ಮೆ ಈಗೊಮ್ಮೆ ತಾಗುತ್ತ, ಬಿಡುತ್ತ ಬದುಕಿತ್ತು. ಹೋದ ತಿಂಗಳು ಇದೇ ಜಾಗಕ್ಕೆ ತಾನೇ ಹೊಸ ಡಬ್ಬಿ ಕೂರಿಸಿದ್ದ. ಕೆಳಗಿನ ಬಣ್ಣವನ್ನು ಬಟ್ಟೆಯಿಂದ ಒರೆಸಿ ಹೊಳಪು ಬರಿಸಿಯೇ ಕೂರಿಸಿದ್ದ. ಬೇರೆ ಯಾವ ಗಾಡಿಯಾದರೂ ಮೊದಲು ಚಾಕು ಹಾಕಿ ಕೆರೆಯುತ್ತಿದ್ದ. ಅಣ್ಣನ ಬಣ್ಣವನ್ನು ಕೆರೆಯಬಹುದು ಎಂಬುದೇ ತಲೆಗೆ ಬಂದಿರಲಿಲ್ಲ.

ಇಪ್ಪತ್ತು ವರ್ಷ ಕಾದ ಮಾತು ಬಾಯಿಗೆ ಬಂದಿತ್ತು, ನಾಲಗೆಗೆ ಅದರ ರುಚಿಯೂ ಹತ್ತಿತ್ತು. ಆಗಲೇ ಇನ್ನೊಂದೂ ಹೊಳೆಯಿತು. ಲೈಟು ಆಡುತ್ತಿರುವವರೆಗೆ ಅಣ್ಣ ಬಿದ್ದದ್ದೆಲ್ಲ ಲೈಟಿನಿಂದ. ಬ್ಯಾಟರಿ ಕುದಿಯುತ್ತಿರುವವರೆಗೆ ಕೈ ಸರಿಯಾಗಿಯೇ ಇದೆ. ವೈರಿಂಗು, ವೈರಿಂಗು ಎಂದು ಕುರ್ಚಿಯಿಂದ ಕೂಗುತ್ತಿದ್ದದ್ದು ಬರೀ ಅವನ ಮೇಲಿನ ತಮಾಷೆಯಾಗಿರಲಿಲ್ಲ. ಇದನ್ನು ಸರಿ ಮಾಡಿದರೆ ಅಣ್ಣನಿಗೆ ಒರಗಲು ಏನೂ ಉಳಿಯುವುದಿಲ್ಲ. ಸರಿ ಮಾಡದಿದ್ದರೆ ಕೆಟ್ಟದ್ದು ಬೈಕು ಎಂದೇ ಅಣ್ಣ ಕೊನೆಯವರೆಗೂ ನಂಬಿರಬಹುದು. ಅತ್ತಿಗೆಯ ಸುಳ್ಳು ಅವಳು ಅಂದುಕೊಂಡಿದ್ದಕ್ಕಿಂತ ದಯೆಯದಾಗಿತ್ತು. ಅದು ಅವನಿಗೆ ಗೊತ್ತಾಯಿತು. ಗೊತ್ತಾದ ಮೇಲೂ ಚೀಲದಿಂದ ಚಾಕು ತೆಗೆದ.

ಕೆರೆಯುವ ಸದ್ದಿಗೆ ಅಣ್ಣ ಎದ್ದು ಬಂದ. ನಿಂತು ನೋಡಿದ. ಕಪ್ಪು ಸುರುಳಿಗಳು ನೆಲಕ್ಕೆ ಬೀಳುತ್ತಿದ್ದವು, ಕಪ್ಪಿನ ಕೆಳಗಿನಿಂದ ಕೆಂಪು ಬಂತು, ಕೆಂಪಿನ ಕೆಳಗಿನಿಂದ ಬೆಳ್ಳಗೆ ಉಕ್ಕು ಕಾಣಿಸಿತು, ತುಕ್ಕಿನ ಒಂದು ಚುಕ್ಕೆಯೂ ಇಲ್ಲದ ಉಕ್ಕು. ಅವನು ತಲೆ ಎತ್ತದೆ ಎಲ್ಲವನ್ನೂ ಹೇಳಿದ. ಹೇಳುವಾಗ ದನಿಯಲ್ಲಿ ಗೆದ್ದ ಹಮ್ಮು ಬರಬಾರದೆಂದು ನೋಡಿಕೊಂಡ, ಆದರೂ ಬಂತು.

ಅಣ್ಣ ಬಗ್ಗಿ ಆ ಬೆಳ್ಳಗಿನ ಜಾಗವನ್ನು ಹೆಬ್ಬೆರಳಿನಿಂದ ಒರೆಸಿದ. ಆಮೇಲೆ ನಕ್ಕ. "ಹಂಗಾದ್ರೆ ನಿನ್ನ ಬೈದಿದ್ದೆಲ್ಲ ದಂಡ."

"ದಂಡ."

"ಪ್ರೈಮರ್ ನೋಡು ಹೆಂಗೆ ಕಚ್ಕೊಂಡಿದೆ. ಈಗ ಯಾವನು ಹೊಡೀತಾನೆ ಹಂಗೆ?"

ಯಾರೂ ಹೊಡೆಯುವುದಿಲ್ಲ ಎಂದು ಅವನು ಒಪ್ಪಿಕೊಂಡ. ಅದು ನಿಜವೂ ಆಗಿತ್ತು. ಡಬ್ಬಿ ಕೂರಿಸಿ, ಬೋಲ್ಟು ಬಿಗಿದು, ಟ್ಯಾಂಕು ಇಟ್ಟು, ಎಂಜಿನ್ ಚಾಲೂ ಮಾಡಿದ. ಆಕ್ಸಿಲರೇಟರ್ ತಿರುಗಿಸಿದ. ಮುಳ್ಳು ಹತ್ತಿ ಹದಿನಾಲ್ಕಕ್ಕೆ ಬಂದು ನಿಂತಿತು. ಇನ್ನೂ ತಿರುಗಿಸಿದ. ನಿಂತೇ ಇತ್ತು. ಗೋಡೆಯ ಮೇಲಿನ ಬೆಳಕು ಅಂಟಿಸಿದ ಹಾಗಿತ್ತು. ಇಷ್ಟು ವರ್ಷ ನೋಡಿದ ಬೆಳಕು ಅದಲ್ಲ, ಯಾರೋ ಬೇರೆಯವರ ಬೈಕಿನದು. ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಬಂದು ನಿಂತಳು. ಅವಳ ಕಣ್ಣು ಅವನ ಮೇಲಿತ್ತು, ಅವನು ಅತ್ತ ನೋಡಲಿಲ್ಲ. ಅಣ್ಣ ಆಗಲೇ ಶರ್ಟಿನ ತೋಳು ಮಡಚಿಕೊಳ್ಳುತ್ತಿದ್ದ, ಗುಜರಿಯವನಿಗೆ ಬರಬೇಡ ಎಂದು ಫೋನು ಮಾಡಲು ಹೆಂಡತಿಗೆ ಹೇಳುತ್ತಿದ್ದ. ನಾಳೆಯೇ ಹಳೆಯ ಶೆಡ್ಡಿನ ಕಡೆ ಹೋಗಿ ಬರುತ್ತೇನೆ ಎಂದ.

ಅವನು ಅಣ್ಣನನ್ನು ಕರೆದ. ಸ್ವಲ್ಪ ಹಿಡ್ಕೋ, ನಾನು ಅಡ್ಜಸ್ಟ್ ಮಾಡ್ತೀನಿ ಎಂದ. ಅಡ್ಜಸ್ಟ್ ಮಾಡಲು ಏನೂ ಇರಲಿಲ್ಲ. ಅಣ್ಣ ಹುರುಪಿನಿಂದ ಬಂದು ಸೀಟಿನ ಮೇಲೆ ಕೂತು ಬಲಗೈಯಲ್ಲಿ ಆಕ್ಸಿಲರೇಟರ್ ಹಿಡಿದ. ಅವನು ಮೀಟರನ್ನು ಎತ್ತಿ ಟ್ಯಾಂಕಿನ ಮೇಲೆ, ಅಣ್ಣನ ಎದೆಗೆ ನೇರವಾಗಿ, ಮುಳ್ಳು ಕಾಣುವ ಹಾಗೆ ಇಟ್ಟ. ಸ್ವಲ್ಪವೇ ಕೊಡು ಎಂದ. ಎಂಜಿನ್ನಿನ ಸದ್ದು ಏರಿತು. ಚಾರ್ಜು ಆಗತೊಡಗುವ ಅಂಚು ಅದು. ಅಲ್ಲಿ ಮುಳ್ಳು ಎಂಜಿನ್ನಿನ ಮಾತನ್ನೇ ಕೇಳುತ್ತದೆ. ಇನ್ನೊಂದು ಚೂರು ತಿರುಗಿಸಿದ್ದರೆ ರೆಗ್ಯುಲೇಟರು ಎಲ್ಲವನ್ನೂ ಸಮ ಮಾಡಿ ಮುಚ್ಚಿಬಿಡುತ್ತಿತ್ತು. ಅವನಿಗೆ ಅದು ಗೊತ್ತಿತ್ತು.

"ಇನ್ನೂ ಕೊಡ್ಲಾ?"

"ಬೇಡ. ಅಷ್ಟೇ ಇರ್ಲಿ."

ಮುಳ್ಳು ನಡುಗಿತು. ಹದಿಮೂರು, ಹದಿಮೂರೂಕಾಲು, ಹದಿಮೂರು. ಹಳೆಯ ಕುಡುಕನ ನಡಿಗೆಯಲ್ಲ, ಸಣ್ಣದಾಗಿ, ಒಂದೇ ಸಮನೆ, ಹಲ್ಲು ಕಟಕಟಿಸುವ ಹಾಗೆ. ಎಂಜಿನ್ನಿನ ಸದ್ದಿನಲ್ಲೂ ಅದೇ ಅಲೆಯಿತ್ತು. ಅಣ್ಣ ಮೊದಲು ಗಮನಿಸಲಿಲ್ಲ, ಆಮೇಲೆ ಗಮನಿಸಿದ. ಹಿಡಿ ಬಿಗಿ ಮಾಡಿದ, ಮುಳ್ಳು ಇನ್ನಷ್ಟು ಆಡಿತು. ಸಡಿಲ ಮಾಡಿದ. ಎಡಗೈ ತಂದು ಬಲಗೈಯ ಮೇಲಿಟ್ಟು ಒತ್ತಿಹಿಡಿದ. ಗೆರೆ ಎಳೆಯುವಾಗಿನಂತೆ ಉಸಿರನ್ನೂ ಬಿಗಿಹಿಡಿದ. ಅತ್ತಿಗೆ ಬಾಗಿಲಿನಿಂದ ಕದಲಲಿಲ್ಲ. ತಾನು ಮಾಡಿದ್ದು ಏನೆಂದು ಅವನಿಗೆ ಆಗ ಪೂರ್ತಿ ಕಾಣಿಸಿತು, ಕೈ ಚಾಚಿ ಮೀಟರನ್ನು ಕಿತ್ತುಕೊಳ್ಳಬೇಕು ಅನ್ನಿಸಿತು. ಮಾಡಲಿಲ್ಲ.

ಅಣ್ಣ ಮುಳ್ಳಿನಿಂದ ಕಣ್ಣು ತೆಗೆಯದೆ ಕೇಳಿದ. "ಇದು ಯಾವುದೋ? ನಿನ್ನ ವೈರಾ, ನನ್ನ ಬಣ್ಣಾನಾ?"

ಹೂಂ ಎಂದರೆ ಸಾಕಿತ್ತು. ಯಾವುದಕ್ಕೆ ಹೂಂ ಎಂದರೂ ನಡೆಯುತ್ತಿತ್ತು.

"ಎರಡೂ ಅಲ್ಲ ಅಣ್ಣ."

ಅಣ್ಣ ತಲೆಯಾಡಿಸಿದ. ಎಷ್ಟು ಹೊತ್ತು ಹಾಗೇ ಹಿಡಿದುಕೊಂಡಿದ್ದನೋ, ಆಮೇಲೆ ಕೈ ಬಿಟ್ಟ, ಎಂಜಿನ್ ತನ್ನಷ್ಟಕ್ಕೆ ಮೆತ್ತಗೆ ಓಡತೊಡಗಿತು, ಮುಳ್ಳು ಕೆಳಗಿಳಿದು ತೆಪ್ಪಗೆ ಕೂತಿತು. ಇದನ್ನ ತೋರ್ಸೋಕೇ ಕೂರ್ಸಿದ್ಯಾ ಎಂದು ಕೇಳಬಹುದೆಂದು ಅವನು ಕಾದ. ಅಣ್ಣ ಕೇಳಲಿಲ್ಲ. ಸೀಟಿನಿಂದ ಇಳಿದ. ಇಳಿಯುವಾಗ ಹ್ಯಾಂಡಲ್ ಹಿಡಿದುಕೊಳ್ಳಬೇಕಾಯಿತು, ಅದನ್ನು ಮುಚ್ಚಿಡಲೂ ಹೋಗಲಿಲ್ಲ. ಕೆಳಗೆ ಬಿದ್ದಿದ್ದ ಬಣ್ಣದ ಸುರುಳಿಗಳನ್ನು ಚಪ್ಪಲಿಯಿಂದ ಒಂದು ಕಡೆಗೆ ಸರಿಸಿದ.

"ಫೋನ್ ಮಾಡಿದ್ಯಾ ಗುಜರಿಯವನಿಗೆ?" ಎಂದು ಹೆಂಡತಿಯನ್ನು ಕೇಳಿದ. ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. "ಮಾಡು. ಬೈಕ್ ಕೊಡಲ್ಲ ಅನ್ನು." ಅವಳು ಏನೋ ಹೇಳಹೋದಳು, ಅಣ್ಣ ಕೈ ಎತ್ತಿ ತಡೆದ. ಆ ಕೈ ನಡುಗುತ್ತಿತ್ತು. ಅದನ್ನು ಜೇಬಿನಲ್ಲಿಡದೆ ಎಲ್ಲರ ಎದುರಿಗೆ ಹಾಗೇ ಹಿಡಿದಿದ್ದ. "ಓಡ್ಸೋದು ಇವ್ನು."

ಆಮೇಲೆ ತಮ್ಮನ ಕಡೆ ತಿರುಗಿದ. "ಹೋಗು, ಕೆರೆ ರಸ್ತೆ ತನಕ ಒಂದು ರೌಂಡ್ ಹೊಡ್ಕೊಂಡು ಬಾ. ಇಲ್ಲೇ ನಿಂತು ಕೇಳ್ತಿರ್ತೀನಿ."

ಅವನು ಮೀಟರನ್ನು ಚೀಲಕ್ಕೆ ಹಾಕಿ, ಗೇಟು ತೆಗೆದು ಹೊರಟ. ಬೀದಿಯಲ್ಲಿ ಇಸ್ತ್ರಿ ಅಂಗಡಿಯವನು ತಲೆ ಎತ್ತಿ ನೋಡಿ, ಸರಿ ಹೋಯ್ತಾ ಫ್ಯೂಸಣ್ಣ ಎಂದು ಕೂಗಿದ. ಬ್ಯಾಂಕಿನ ಮೂಲೆಯಲ್ಲಿ ತಿರುಗಿದ ಮೇಲೆ ಗೇಟು ಕಾಣುತ್ತಿರಲಿಲ್ಲ. ರಸ್ತೆ ನೇರವಾಗಿ ಖಾಲಿಯಿತ್ತು, ಎಂಜಿನ್ ಮೂರನೆಯ ಗೇರು ಹಾಕು ಎಂದು ಅರಚುತ್ತಿತ್ತು. ಗೇರು ಬದಲಿಸಿದರೆ ಸದ್ದು ತಗ್ಗುತ್ತದೆ, ಮನೆಯವರೆಗೆ ಮುಟ್ಟುವುದಿಲ್ಲ. ಅವನು ಎರಡನೆಯ ಗೇರಿನಲ್ಲೇ, ಎಂಜಿನ್ ಹಾಳಾದರೆ ಆಗಲಿ ಎಂದು, ಕೆರೆಯವರೆಗೂ ಓಡಿಸಿದ.